ಲಗಾಮು ಹಿಡಿದವನು

ಕಳೆದ ವರ್ಷದ ಈ ವಾರ್ಷಿಕ ಸಂಚಿಕೆಯಲ್ಲಿ ನಾನು ‘ವಿಜಯನಗರದ ಅಶ್ವಬಲ’ ಎಂಬ ಪ್ರಬಂಧವೊಂದನ್ನು ಬರೆದಿದ್ದೆನು. ಓದಿದವರಿಗೆ ಅದು ಮರೆತುಹೋಗಿರಬಹುದು. ಬರೆದವನಿಗೆ ಮರೆಯುವುದು ಅಷ್ಟು ಸುಲಭವಲ್ಲ. ಹಂಪೆಯ ಹಜಾರ ರಾಮನ ಗುಡಿಯ ಗೋಡೆಯ ಮೇಲೆ ಕೆತ್ತಿರುವ ಕುದುರೆಗಳ ಸಾಲನ್ನು ವರ್ಣಿಸಿ, ಅವು ‘ಕನ್ನಡಿಗರ ಶೌರ್ಯದ ಶಿಲಾಶಾಸನ’ ಎಂದು ಅದರಲ್ಲಿ ಸಾರಿದ್ದೆ. ಇತಿಹಾಸ ಸಂಘದ ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಬಹುಮಾನವೂ ಬಂದಿತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಈಗ ಮತ್ತೆ ಬರೆಯುತ್ತಿದ್ದೇನೆ. ಬಹುಮಾನವನ್ನೂ ಹಿಂದಿರುಗಿಸೆಂದು ಯಾರೂ ಕೇಳಬಾರದು. ಅದೊಂದು ನಿಘಂಟು, ಈಗಾಗಲೇ ಅದರ ರಟ್ಟು ಕಿತ್ತುಬಂದಿದೆ.

ಆ ಪ್ರಬಂಧ ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. ನಾವು ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ ಸಂಘದ ವತಿಯಿಂದ ಹಂಪೆಗೆ ಪ್ರವಾಸ ಹೋಗಿದ್ದೆವು. ಕೋಲಾರದಿಂದ ಹೊರಟು ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡಿ, ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಇಳಿದು, ಮಧ್ಯಾಹ್ನ ಹಜಾರ ರಾಮನ ಗುಡಿಯ ಮುಂದೆ ನಿಂತಾಗ ಅರ್ಧ ತರಗತಿ ನೆರಳು ಹುಡುಕುತ್ತಿತ್ತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಒಂದನೆಯ ದೇವರಾಯನ ಕಾಲದಲ್ಲಿ ಕಟ್ಟಿದ್ದೆಂದು ವಿದ್ವಾಂಸರು ಹೇಳುವ ಈ ಗುಡಿ ಅರಮನೆಯ ಆವರಣಗಳ ನಡುವೆ ಇದೆ. ಅದರ ಪ್ರಾಕಾರದ ಗೋಡೆಯ ಹೊರಮೈಯಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಾಗಿ ಒಂದು ದೊಡ್ಡ ಮೆರವಣಿಗೆಯನ್ನೇ ಕೆತ್ತಿದ್ದಾರೆ. ತಳದಲ್ಲಿ ಆನೆಗಳು, ಆನೆಗಳ ಮೇಲಿನ ಸಾಲಿನಲ್ಲಿ ಕುದುರೆಗಳು, ಅದರ ಮೇಲೆ ಆಯುಧ ಹಿಡಿದ ಕಾಲಾಳುಗಳು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಗೋಡೆಯ ಉದ್ದಕ್ಕೂ ನಾವು ನಡೆದರೆ ಕುದುರೆಗಳೂ ನಮ್ಮ ಜೊತೆಯಲ್ಲಿ ನಡೆದಂತೆ ತೋರುತ್ತದೆ. ಮೊಬೈಲಿನಲ್ಲಿ ಹತ್ತಾರು ಫೋಟೋ ತೆಗೆದುಕೊಂಡೆ. ಊರಿಗೆ ಬಂದ ಮೇಲೆ ಪುಸ್ತಕಗಳಲ್ಲಿ ಸಿಕ್ಕ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಆ ಬಡ ಕುದುರೆಗಳ ಬೆನ್ನ ಮೇಲೆ ಹೇರಿದೆ. ಕುದುರೆಯೇ ಶೌರ್ಯ, ಕುದುರೆಯೇ ವೇಗ, ಕುದುರೆಯೇ ಸಾಮ್ರಾಜ್ಯ!

ಪತ್ರಿಕೆ ಅಚ್ಚಾಗಿ ಕೈಗೆ ಬಂದ ದಿನ ಅದನ್ನು ಮನೆಗೆ ಒಯ್ದು ತಾತನಿಗೆ ಓದಿ ಹೇಳಿದೆ. ನಮ್ಮ ತಾತನಿಗೆ ಅಕ್ಷರ ಬಾರದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಎಷ್ಟೋ ಮಂದಿಯ ಹಾಗೆ ನಮ್ಮದು ಮನೆಯೊಳಗೆ ತೆಲುಗು, ಬೀದಿಗಿಳಿದರೆ ಕನ್ನಡ. ನನ್ನ ಪ್ರಬಂಧದ ಕನ್ನಡವಾದರೋ ಬೀದಿಯದೂ ಅಲ್ಲದ, ಮನೆಯದೂ ಅಲ್ಲದ ಒಂದು ಜಾತಿಯದು. ಆದರೂ ತಾತ ಕಣ್ಣುಮುಚ್ಚಿ ತಲೆದೂಗುತ್ತ ಕೊನೆಯತನಕ ಕೇಳಿದರು. ಆಮೇಲೆ, “ಫೋಟೋ ಇದ್ರೆ ತೋರ್ಸು” ಎಂದರು. ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿದರು.

“ಎಲ್ಲಾ ಸರಿ ಕಣಪ್ಪಾ, ಲಗಾಮು ಹಿಡ್ಕೊಂಡಿರೋನು ಯಾರು? ಅವನ ವಿಷಯ ನೀನೇನೂ ಬರ್ದೇ ಇಲ್ವಲ್ಲ?”

ನಾನು ಫೋಟೋವನ್ನು ಮತ್ತೆ ನೋಡಿದೆ. ಹೌದು, ಹಲವು ಕುದುರೆಗಳ ಬೆನ್ನ ಮೇಲೆ ಯಾರೂ ಇಲ್ಲ. ಪ್ರತಿಯೊಂದರ ಮುಂದೆಯೋ ಪಕ್ಕದಲ್ಲಿಯೋ ಒಬ್ಬ ಮನುಷ್ಯ ಲಗಾಮು ಹಿಡಿದು ನಡೆಯುತ್ತಿದ್ದಾನೆ. ನಾನು ಎರಡು ಸಾವಿರ ಪದಗಳಲ್ಲಿ ವರ್ಣಿಸಿದ ವೀರ ಸವಾರನು ಆ ಫೋಟೋಗಳಲ್ಲಿ ಹುಡುಕಿದರೂ ಸುಲಭವಾಗಿ ಸಿಗಲಿಲ್ಲ. ಇಲ್ಲದವನನ್ನು ಕಂಡು, ಇದ್ದವನನ್ನು ಕಾಣದೆ ಹೋಗಿದ್ದೆ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಮೊದಲನೆಯ ವರ್ಷ ಸ್ನೇಹಿತರು ಮನೆಯ ಸಮಾಚಾರ ಕೇಳಿದಾಗ, ನಮ್ಮ ತಾತ ‘ಸಾರಿಗೆ ವ್ಯವಹಾರದಲ್ಲಿದ್ದರು’ ಎಂದು ಹೇಳಿದ್ದೆನು. ಕೆಲವರು ಬಸ್ಸಿನ ಮಾಲೀಕರಿರಬೇಕೆಂದು ತಿಳಿದರು, ನಾನು ತಿದ್ದಲಿಲ್ಲ. ತಾತ ಕೋಲಾರದಲ್ಲಿ ಇಪ್ಪತ್ತೈದು ವರ್ಷ ಜಟ್ಕಾ ಓಡಿಸಿದವರು. ಗಾಡಿಯೂ ಅವರದಲ್ಲ, ಕುದುರೆಯೂ ಅವರದಲ್ಲ. ದಿನದ ಬಾಡಿಗೆಗೆ ಸಾಹುಕಾರರೊಬ್ಬರಿಂದ ಪಡೆದು ಓಡಿಸುತ್ತಿದ್ದುದು. ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ, ಪೇಟೆಯಿಂದ ಆಸ್ಪತ್ರೆಗೆ, ಮದುವೆಯ ಕಾಲದಲ್ಲಿ ಛತ್ರದಿಂದ ಛತ್ರಕ್ಕೆ. ಆಟೋರಿಕ್ಷಾ ಬಂದ ಮೇಲೆ ಆ ಕಸುಬು ತಾನಾಗಿಯೇ ನಿಂತಿತು. ಪುರಸಭೆಯವರು ಕೊಟ್ಟಿದ್ದ ತಗಡಿನ ನಂಬರು ಬಿಲ್ಲೆಯೊಂದು ಇಂದಿಗೂ ನಮ್ಮ ದೇವರ ಗೂಡಿನ ಪಕ್ಕದ ಮೊಳೆಗೆ ತೂಗುತ್ತಿದೆ. ಅದನ್ನು ದಿನವೂ ನೋಡುತ್ತಿದ್ದವನು ನಾನು. ಹಂಪೆಯ ಗೋಡೆಯ ಮುಂದೆ ನಿಂತಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ತಾತನ ಪ್ರಶ್ನೆಯಿಂದ ತಲೆಬಿಸಿಯಾಗಿ ಪುಸ್ತಕಗಳ ಕಡೆಗೆ ತಿರುಗಿದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರು ಇಬ್ಬರು, ಡೊಮಿಂಗೊ ಪಾಯಸ್ ಮತ್ತು ಫೆರ್ನಾವ್ ನೂನಿಜ್. ಇವರ ಬರಹಗಳನ್ನು ರಾಬರ್ಟ್ ಸಿವೆಲ್ ಎಂಬ ಅಧಿಕಾರಿ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದನು. ಪಾಯಸ್ ಮಹಾನವಮಿಯ ಕುದುರೆಗಳ ಅಲಂಕಾರವನ್ನು ಬಾಯ್ತುಂಬ ವರ್ಣಿಸುತ್ತಾನೆ. ಕಳೆದ ವರ್ಷ ನಾನು ಎತ್ತಿಕೊಂಡದ್ದು ಅವನನ್ನೇ. ನೂನಿಜ್ ಕುದುರೆಯ ವ್ಯಾಪಾರ ಬಲ್ಲವನು. ಅವನ ಬರಹದಲ್ಲಿ ಅಲಂಕಾರ ಕಡಿಮೆ, ಲೆಕ್ಕ ಹೆಚ್ಚು. ಹಾಗಾಗಿ ಅವನನ್ನು ನಾನು ಬೇಗ ಬೇಗ ಮಗುಚಿಹಾಕಿದ್ದೆ.

ಈ ಸಲ ನಿಧಾನವಾಗಿ ಓದಿದೆ. ರಾಯನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಬರೆಯುತ್ತಾನೆ. ಅವುಗಳಲ್ಲಿ ಓರ್ಮುಜಿನಿಂದ ಹಡಗೇರಿ ಬಂದವೂ ಉಂಟು, ನಾಡ ತಳಿಯವೂ ಉಂಟು. ಒಳ್ಳೆಯ ಕುದುರೆಗಳು ರಾಯನ ಲಾಯಕ್ಕೆ. ನಾಡ ಕುದುರೆಗಳನ್ನು ಸಾವಿರ ವರಾಹಕ್ಕೆ ಹನ್ನೆರಡರಿಂದ ಹದಿನೈದರಂತೆ ಕೊಂಡು, ತನ್ನ ಅಮರನಾಯಕರಿಗೆ ಸಾವಿರಕ್ಕೆ ಐದರಂತೆ ಕೊಡುತ್ತಿದ್ದನಂತೆ. ಆ ಹಣವನ್ನು ಅವರು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರಿಗೆ ಅರಬ್ಬಿ ಕುದುರೆಗಳ ಬೆಲೆ ಸಂದಾಯವಾಗುತ್ತಿತ್ತು. ಎಪ್ಪತ್ತು ಎಂಬತ್ತು ವರಾಹಕ್ಕೆ ಕೊಂಡದ್ದನ್ನು ಇನ್ನೂರಕ್ಕೆ ಮಾರುವುದು! ನಾಯಕರು ಆ ಹಣವನ್ನು ಎಲ್ಲಿಂದ ತರುತ್ತಿದ್ದರು? ತಮ್ಮ ಸೀಮೆಯ ರೈತರಿಂದಲೇ ಅಲ್ಲವೆ? ನಮ್ಮ ಮುಳಬಾಗಿಲು ಅಂದು ಮುಳುವಾಯಿ ಎಂಬ ರಾಜ್ಯದ ಮುಖ್ಯಸ್ಥಳವಾಗಿತ್ತು. ಎರಡನೆಯ ದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡನಾಯಕನು ಅದನ್ನಾಳಿದನು. ಇಂಥ ಸೀಮೆಗಳ ರಾಗಿ ಹುರುಳಿ ಮಾರಿ ಬಂದ ಹಣವು ಓರ್ಮುಜಿನ ವ್ಯಾಪಾರಿಯವರೆಗೆ ಹೋಗುತ್ತಿದ್ದ ದಾರಿಯನ್ನು ಊಹಿಸಿಕೊಂಡರೆ, ಹಜಾರ ರಾಮನ ಗೋಡೆಯ ಕುದುರೆ ಬೇರೊಂದು ರೀತಿಯಲ್ಲಿ ಕಾಣಿಸುತ್ತದೆ.

ಇನ್ನೂ ಎರಡು ಸಂಗತಿಗಳನ್ನು ನೂನಿಜ್ ಹೇಳುತ್ತಾನೆ. ಸಾಳುವ ನರಸಿಂಹನು ಓರ್ಮುಜಿನ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಸಾವಿರಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಸಿಗುತ್ತಿತ್ತು. ಇದು ಹೊರಗಿನ ವ್ಯಾಪಾರಿಗೆ. ಒಳಗಿನವರಿಗೆ ಬೇರೆ ಕಟ್ಟಳೆ. ಮುಂದಿನ ರಾಯರ ಕಾಲದಲ್ಲಿ ಸವಾರರಿಗೆ ಕೊಟ್ಟ ಕುದುರೆಗಳಿಗೆ ಅರಮನೆಯ ಮುದ್ರೆಯನ್ನು ಒತ್ತುತ್ತಿದ್ದರು. ಕುದುರೆ ಸತ್ತರೆ ಮುದ್ರೆಯಿರುವ ಚರ್ಮದ ತುಂಡನ್ನು ಕತ್ತರಿಸಿ ತಂದು ಲಾಯದ ಅಧಿಕಾರಿಗೆ ಒಪ್ಪಿಸಿದ ಮೇಲೆಯೇ ಬದಲಿ ಕುದುರೆ.

ಇದನ್ನು ತಾತನಿಗೆ ಹೇಳಿದೆ. ತಾತ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಥೆ ಹೇಳಿದರು. ನಾನು ಅದುವರೆಗೆ ಕೇಳಿರಲಿಲ್ಲ. ಅವರು ಓಡಿಸುತ್ತಿದ್ದ ಕುದುರೆಯೊಂದು ಒಂದು ಬೇಸಗೆಯಲ್ಲಿ ಹೊಟ್ಟೆನೋವು ಬಂದು ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಜಾವ ಸತ್ತುಹೋಯಿತು. ಸಾಹುಕಾರರು ಬಂದು ಸತ್ತ ಕುದುರೆಯನ್ನು ನೋಡಿದರು. ಕಾಲಿನ ನಾಲ್ಕು ಲಾಳಗಳನ್ನೂ ಬಾಯಿಯ ಕಡಿವಾಣವನ್ನೂ ಬಿಚ್ಚಿ ಒಪ್ಪಿಸಲು ಹೇಳಿದರು. ಮೂರು ಲಾಳ ಸಿಕ್ಕವು. ಒಂದು ಹಿಂದಿನ ದಿನವೇ ಎಲ್ಲೋ ದಾರಿಯಲ್ಲಿ ಉದುರಿತ್ತು. ಆ ಒಂದು ಲಾಳದ ದುಡ್ಡನ್ನು ತಾತನ ಲೆಕ್ಕದಲ್ಲಿ ಹಿಡಿದರು. “ಅವರ ತಪ್ಪೇನಪ್ಪಾ, ವ್ಯವಹಾರ ಅಂದ್ರೆ ಲೆಕ್ಕ” ಎಂದರು ತಾತ. “ಆದ್ರೆ ರಾತ್ರಿಯೆಲ್ಲಾ ಅದರ ಹೊಟ್ಟೆ ತಿಕ್ಕಿದೋನು ನಾನು. ಅದನ್ನ ಯಾರೂ ಕೇಳ್ಲಿಲ್ಲ.”

ನನ್ನ ಅಭಿಪ್ರಾಯ ಬದಲಾದದ್ದು ಆ ರಾತ್ರಿಯೇ ಎಂದು ಹೇಳಿದರೆ ನಾಟಕವಾದೀತು. ಅದಕ್ಕೆ ಇನ್ನೂ ಒಂದು ಚಿತ್ರ ಬೇಕಾಯಿತು.

ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ, ಯಾರೂ ಮುಟ್ಟದ ಮೇಲಿನ ಸಾಲಿನಲ್ಲಿ, ಯುರೋಪಿನ ಕಲೆಯ ಚರಿತ್ರೆಯೊಂದಿದೆ. ಅದರಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಜರ್ಮನ್ ಚಿತ್ರಕಾರನು 1513ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಕುದುರೆ ಸವಾರನ ಚಿತ್ರವಿದೆ. ಅದೇ ಸುಮಾರಿಗೆ ಇಲ್ಲಿ ಕೃಷ್ಣದೇವರಾಯನು ಉದಯಗಿರಿಯ ಕೋಟೆಗೆ ಮುತ್ತಿಗೆ ಹಾಕಿದ್ದನು. ಡ್ಯೂರರ್ ನ್ಯೂರೆಂಬರ್ಗ್ ಪಟ್ಟಣದ ಅಕ್ಕಸಾಲಿಯೊಬ್ಬನ ಮಗ. ಲೋಹ ಕೊರೆಯುವ ಉಳಿ ಅವನ ಕೈಗೆ ಹುಡುಗತನದಲ್ಲಿಯೇ ಬಂದಿತ್ತು. ತಾಮ್ರದ ಮೇಲೆ ಗೆರೆಗಳನ್ನು ಕೊರೆದು, ಗೆರೆಗಳೊಳಗೆ ಮಸಿ ತುಂಬಿ, ಮೇಲಿನ ಮಸಿಯನ್ನು ಒರಸಿ, ಒದ್ದೆ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ. ಒಂದು ತಗಡಿನಿಂದ ನೂರಾರು ಪ್ರತಿ. ಕಲ್ಲಿನ ಕುದುರೆ ಇದ್ದಲ್ಲಿಯೇ ಇರುತ್ತದೆ, ನಾವು ಬಸ್ಸು ಹಿಡಿದು ಹೋಗಬೇಕು. ತಾಮ್ರದ ಕುದುರೆ ಕಾಗದವಾಗಿ ದೇಶದೇಶಗಳಿಗೆ ತಾನೇ ಹೋಗುತ್ತದೆ. ಹಾಗೆಯೇ ನಡೆದು ನಡೆದು ಕೋಲಾರಕ್ಕೂ ಬಂದಿದೆ.

ಚಿತ್ರ ದೊಡ್ಡದೇನಲ್ಲ, ನಮ್ಮ ನೋಟು ಪುಸ್ತಕದ ಹಾಳೆಯಷ್ಟಿದೆ. ಕಲ್ಲುಬಂಡೆಗಳ ನಡುವಣ ಕಣಿವೆಯಲ್ಲಿ ಉಕ್ಕಿನ ಕವಚ ತೊಟ್ಟ ಸವಾರನೊಬ್ಬ ಅತ್ತಿತ್ತ ನೋಡದೆ ಹೋಗುತ್ತಿದ್ದಾನೆ. ಹೆಗಲ ಮೇಲಿನ ಭರ್ಜಿಯಲ್ಲಿ ನರಿಯ ಬಾಲ ಸಿಕ್ಕಿಸಿದೆ. ಪಕ್ಕದಲ್ಲಿ ಮೃತ್ಯು, ಮೈಗೆ ಹಾವು ಸುತ್ತಿಕೊಂಡು, ಕೈಯಲ್ಲಿ ಮರಳು ಗಡಿಯಾರ ಹಿಡಿದು, ಬಡಕಲು ಕುದುರೆಯೊಂದನ್ನೇರಿದ್ದಾನೆ. ಹಿಂದೆ ಹಂದಿಮೂತಿಯ ಪಿಶಾಚಿ. ಕುದುರೆಯ ಕಾಲ ಬಳಿ ಒಂದು ನಾಯಿ. ಸವಾರನ ಕುದುರೆಯಾದರೋ ಅಳತೆ ಹಿಡಿದು ಎರಕ ಹೊಯ್ದಂತಿದೆ. ಮುಂಗಾಲೊಂದನ್ನೂ ಹಿಂಗಾಲೊಂದನ್ನೂ ಎತ್ತಿ, ಕತ್ತು ಬಾಗಿಸಿ, ನರನರವೂ ಎಣಿಸುವಂತೆ ನಿಂತಿದೆ. ಕುದುರೆಯ ಅಂಗಪ್ರಮಾಣವೇನೆಂಬುದನ್ನು ಡ್ಯೂರರ್ ಎಷ್ಟೋ ವರ್ಷ ಅಭ್ಯಾಸ ಮಾಡಿದವನು.

ಇದಕ್ಕೆ ವಿದ್ವಾಂಸರು ಕೊಟ್ಟ ಅರ್ಥಗಳನ್ನು ಓದಿ ನಾನು ಬೆರಗಾದೆ. ಧರ್ಮದ ದಾರಿಯಲ್ಲಿ ನಿರ್ಭಯನಾಗಿ ನಡೆಯುವ ಭಕ್ತಯೋಧನೆಂದು ಕೆಲವರು. ಅಲ್ಲ, ದಾರಿಗಳ್ಳನೆಂದು ಕೆಲವರು. 1872ರಲ್ಲಿ ನೀಟ್ಷೆ ಎಂಬ ತತ್ತ್ವಜ್ಞಾನಿ ತನ್ನ ಗ್ರಂಥವೊಂದರಲ್ಲಿ, ಆಸೆಯಿಲ್ಲದಿದ್ದರೂ ಸತ್ಯವನ್ನು ಬಿಡದ ದಾರ್ಶನಿಕನಿಗೆ ಈ ಸವಾರನನ್ನು ಹೋಲಿಸಿದನು. 1933ರಲ್ಲಿ ನ್ಯೂರೆಂಬರ್ಗಿನ ಮೇಯರನು ಇದರ ಪ್ರತಿಯೊಂದನ್ನು ಹಿಟ್ಲರನಿಗೆ ಕಾಣಿಕೆ ಕೊಟ್ಟನು. ಸವಾರನನ್ನು ಜನಾಂಗದ ವೀರನೆಂದು ಕೊಂಡಾಡಿದವರಿಗೆ ಆಗ ಕೊರತೆಯಿರಲಿಲ್ಲ. ಬರೆದವನು ತನ್ನ ದಿನಚರಿಯಲ್ಲಿ ಅದನ್ನು ಏನೆಂದು ಕರೆದಿದ್ದನು ಗೊತ್ತೆ? ‘ಸವಾರ’, ಅಷ್ಟೆ. ಸವಾರನ ಮುಖವಾಡದ ಹಿಂದೆ ಯಾರನ್ನು ಬೇಕಾದರೂ ಕೂರಿಸಬಹುದು. ಇಂದು ಸಂತ, ನಾಳೆ ಸರ್ವಾಧಿಕಾರಿ. ನಾನು ಕಳೆದ ವರ್ಷ ಹಂಪೆಯ ಬರಿಬೆನ್ನಿನ ಕುದುರೆಗಳ ಮೇಲೆ ಕನ್ನಡಿಗನೊಬ್ಬನನ್ನು ಕೂರಿಸಿ ಹೆಮ್ಮೆಪಟ್ಟದ್ದು ಇದೇ ಕೆಲಸ ಎಂದು ಆಗ ಹೊಳೆಯಿತು. ನನ್ನಿಂದ ಯಾರಿಗೂ ಕೇಡಾಗಲಿಲ್ಲ, ನಿಜ. ಆದರೆ ಬಗೆ ಅದೇ.

ಈ ಚಿತ್ರವನ್ನೂ ತಾತನಿಗೆ ತೋರಿಸಿದೆ. ಅವರು ಮೊದಲು ಸುಳಿ ಹುಡುಕಿದರು. ಕುದುರೆ ಕೊಳ್ಳುವವರು ಮೈಮೇಲಿನ ಕೂದಲ ಸುಳಿ ನೋಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ಡ್ಯೂರರನಿಗೆ ಅದು ತಿಳಿದಿರಲಾರದು. ಆಮೇಲೆ ಸವಾರನ ಕುದುರೆಯನ್ನು ತೋರಿಸಿ, “ಇದು ದೊಡ್ಡೋರ ಮನೇದು. ಲಗಾಮು ಬಿಗಿ ಹಿಡಿದಿದಾನೆ, ಗದ್ದ ಎದೆಗೆ ತಾಕ್ತಾ ಇದೆ. ಚೆನ್ನಾಗಿ ಕಾಣುತ್ತೆ, ಆದ್ರೆ ಬಾಯಿ ನೋಯುತ್ತೆ” ಎಂದರು. ಮೃತ್ಯುವಿನ ಕುದುರೆಯ ಕಡೆಗೆ ತಿರುಗಿದಾಗ ಅವರ ಮುಖ ಅರಳಿತು. ತಲೆ ಜೋತುಬಿದ್ದ, ಕೊರಳಿಗೆ ಗಂಟೆ ಕಟ್ಟಿದ, ಬಡಕಲು ಪ್ರಾಣಿ. “ಅಯ್ಯೋ, ಇದು ನಮ್ದು ಕಣೋ! ಜಟ್ಕಾ ಕುದುರೆ!”

ಯುರೋಪಿನಲ್ಲಿ ಐನೂರು ವರ್ಷದಿಂದ ಜನ ಆ ಚಿತ್ರದ ಮುಂದೆ ನಿಂತಿದ್ದಾರೆ. ಮೃತ್ಯುವಿನ ಕುದುರೆಯನ್ನು ಹಳೆಯ ಪರಿಚಯದವರನ್ನು ಕಂಡಂತೆ ಕಂಡು ಸಂತೋಷಪಟ್ಟವರು ಎಷ್ಟು ಮಂದಿಯೋ!

ಪಕ್ಷಪಾತ ಮಾಡಬಾರದು. ಡ್ಯೂರರನೇ 1505ರಲ್ಲಿ ಕೊರೆದ ಇನ್ನೊಂದು ಕುದುರೆಯ ಚಿತ್ರದಲ್ಲಿ ಸವಾರನಿಲ್ಲ. ಕುದುರೆಯ ಮಗ್ಗುಲಿಗೆ ಭರ್ಜಿಕೊಡಲಿ ಹಿಡಿದ ಕಾಲಾಳೊಬ್ಬ ನಿಂತಿದ್ದಾನೆ. ಕುದುರೆಯ ಹಿಂಭಾಗವೇ ಚಿತ್ರವನ್ನೆಲ್ಲ ತುಂಬಿಕೊಂಡಿರುವುದರಿಂದ ಆ ಮನುಷ್ಯನು ಅದರ ಹಿಂದೆ ಅರ್ಧ ಮರೆಯಾಗಿದ್ದಾನೆ. ಪುಸ್ತಕದಲ್ಲಿ ಆ ಚಿತ್ರದ ಹೆಸರು ‘ದೊಡ್ಡ ಕುದುರೆ’. ಮನುಷ್ಯನ ಹೆಸರಿಲ್ಲ.

ಇಷ್ಟನ್ನೆಲ್ಲ ನಾನು ಊಟದ ವೇಳೆಯಲ್ಲಿ ಹೇಳಿದಾಗ ಮಾಲೂರಿನ ನನ್ನ ಸ್ನೇಹಿತನೊಬ್ಬನು ಬಲವಾದ ಆಕ್ಷೇಪಣೆ ಎತ್ತಿದನು. ಅವನ ತಂದೆ ಅಲ್ಲಿಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದವರು. “ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತುತ್ತಾರೆ, ಮಣ್ಣು ತುಳಿದವನ ಹೆಸರು ಒತ್ತುವುದಿಲ್ಲ. ಗೋಡೆ ಕಟ್ಟಿಸಿದವನು ರಾಜ, ಗೋಡೆ ಹೇಳುವುದೂ ರಾಜನ ಮಾತನ್ನೇ. ಲಗಾಮು ಹಿಡಿದವನನ್ನು ಶಿಲ್ಪಿ ಗೌರವದಿಂದ ಕೆತ್ತಿದನೆಂದು ನೀನು ಹೇಗೆ ಹೇಳುತ್ತೀಯೆ? ನೀನೂ ಸವಾರನನ್ನಿಳಿಸಿ ನಿಮ್ಮ ತಾತನನ್ನು ಹತ್ತಿಸುತ್ತಿದ್ದೀಯೆ, ಅಷ್ಟೆ!” ಎಂದನು.

ಒಂದು ದಿನ ನನಗೆ ಉತ್ತರ ತೋಚಲಿಲ್ಲ. ಈಗ ತೋಚಿದುದನ್ನು ಹೇಳುತ್ತೇನೆ. ಶಿಲ್ಪಿ ಅವನನ್ನು ಗೌರವಿಸಿ ಕೆತ್ತಿದನೆಂದು ನಾನು ಹೇಳುವುದೇ ಇಲ್ಲ. ಕುದುರೆ ಮೆರವಣಿಗೆಯಲ್ಲಿ ಹೋಗಬೇಕಾದರೆ ಹಿಡಿದುಕೊಳ್ಳುವವನೊಬ್ಬ ಇರಲೇಬೇಕು, ಆದುದರಿಂದ ಕೆತ್ತಿದನು. ಅಲ್ಲಿ ಹೊಗಳುವ ಉದ್ದೇಶವಿಲ್ಲ, ಬಿಡುವ ಉದ್ದೇಶವೂ ಇಲ್ಲ. ಅದರಿಂದಲೇ ಅದನ್ನು ನಂಬಬಹುದು. ಶಾಸನದಲ್ಲಿ ರಾಜನ ಬಿರುದುಗಳನ್ನು ಓದುವಾಗ ನಮ್ಮ ಅಧ್ಯಾಪಕರು, ಇದರಲ್ಲಿ ಅರ್ಧ ಕಳೆಯಿರಿ ಎಂದು ನಗುತ್ತಾರೆ. ಭೂಮಿಯ ಎಲ್ಲೆಗುರುತುಗಳು ಬಂದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡು ಅಕ್ಷರಕ್ಷರವನ್ನೂ ನೋಡುತ್ತಾರೆ. ಕುದುರೆಯ ಸಾಲಿನಲ್ಲಿ ಲಗಾಮು ಹಿಡಿದವನು ಅಂಥ ಎಲ್ಲೆಗುರುತು. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಅವರಲ್ಲಿ ಎಲ್ಲರೂ ನಮ್ಮೂರಿನ ಸಾಯಿಸರಲ್ಲ. ಹಂಪೆಯ ಕೆತ್ತನೆಗಳಲ್ಲಿ, ಮಹಾನವಮಿ ದಿಬ್ಬದ ಮೇಲೆಯೂ ಸಹ, ಕುದುರೆ ನಡೆಸುವವರಲ್ಲಿ ಕೆಲವರು ಚೂಪು ಟೋಪಿಯ ಪರದೇಶಿಗಳು. ಅರಬ್ಬರೋ ತುರುಕರೋ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ಇದು ನನ್ನ ವಾದವನ್ನು ಕೆಡಿಸುವುದಿಲ್ಲ. ಗೋಡೆ ರಾಮಾಯಣದ ಗುಡಿಯದು, ಮೆರವಣಿಗೆ ಕನ್ನಡ ನಾಡಿನ ರಾಯನದು, ಕುದುರೆ ಪಾರ್ಸಿ ದೇಶದ್ದು, ನಡೆಸುವವನು ಸಮುದ್ರದಾಚೆಯವನು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಕುದುರೆಯ ದಾರಿಯೂ ಅವರ ಕೈಸೇರಿತು. ಗೋವೆಗೆ ಬಂದ ಕುದುರೆಗಳು ತನಗೇ ಸಿಗಬೇಕೆಂದು ವಿಜಯನಗರವು 1547ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ‘ಕನ್ನಡಿಗರ ಶೌರ್ಯದ ಶಿಲಾಶಾಸನ’ ಎಂದು ನಾನು ಕರೆದದ್ದು, ಬೇರೆಯವರನ್ನು ನಂಬಿಕೊಂಡು ಬಾಳಿದ ರಾಜ್ಯವೊಂದರ ಲೆಕ್ಕದ ಪುಸ್ತಕವೂ ಹೌದು. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಮುಚ್ಚಿಡುವುದರಲ್ಲಿ ಮಾತ್ರ ನಾಚಿಕೆಯುಂಟು. ‘ಸಾರಿಗೆ ವ್ಯವಹಾರ’ ಎಂದು ಹೇಳಿದವನಿಗೆ ಇದು ಗೊತ್ತು.

ಹಂಪೆಯವರೆಗೆ ಹೋಗಲಾರದವರು ನಮ್ಮ ಕೋಲಾರದ ಸೀಮೆಯಲ್ಲಿಯೇ ಕಣ್ಣುಬಿಟ್ಟು ನೋಡಬಹುದು. ಹೈದರಾಲಿ ಹುಟ್ಟಿದ ಬೂದಿಕೋಟೆ ಹತ್ತಿರದಲ್ಲಿಯೇ ಇದೆ. ಅವನ ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರದ ಊರೊಳಗೇ ಇದೆ. 1769ರಲ್ಲಿ ಹೈದರನು ಕುದುರೆ ದಂಡಿನೊಡನೆ ಮದರಾಸಿನ ಬಾಗಿಲಿಗೆ ಹೋಗಿ ನಿಂತದ್ದನ್ನು ಪರೀಕ್ಷೆಯಲ್ಲಿ ನಾವೆಲ್ಲ ಬರೆದವರೇ. ಆ ದಂಡಿನ ಹುಲ್ಲು ಹೊತ್ತವರು ಯಾರೆಂದು ಪ್ರಶ್ನೆಪತ್ರಿಕೆಯಲ್ಲಿ ಇದುವರೆಗೆ ಬಂದಿಲ್ಲ. ಬಂದಿದ್ದರೆ ನಾನು ನಪಾಸಾಗುತ್ತಿದ್ದೆ.

ನಮ್ಮೂರ ಕೆರೆಯ ಏರಿಯ ಮೇಲೆ ಒಂದು ವೀರಗಲ್ಲಿದೆ. ಅಕ್ಷರಗಳಿಲ್ಲ. ಹಂಪೆಗಿಂತ ಎಷ್ಟೋ ಹಳೆಯದಿರಬೇಕು. 1905ರಲ್ಲಿ ರೈಸ್ ಸಾಹೇಬರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ನಮ್ಮ ಜಿಲ್ಲೆಯದೇ. ದನ ಹಿಡಿಯಲು ಬಂದವರೊಡನೆ ಹೋರಾಡಿ ಸತ್ತವರ ಕಲ್ಲುಗಳು ಅದರಲ್ಲಿ ಬೇಕಾದಷ್ಟಿವೆ. ನಮ್ಮೂರ ಕಲ್ಲಿನಲ್ಲಿಯೂ ಒಂದು ಕುದುರೆಯಿದೆ, ಅದರ ಮೇಲೆ ಸವಾರನಿದ್ದಾನೆ. ಚಿಕ್ಕಂದಿನಲ್ಲಿ ಅವನೇ ವೀರನೆಂದು ತಿಳಿದು ನಾವು ಹುಡುಗರು ಅವನಿಗೆ ಹೂವಿಡುತ್ತಿದ್ದೆವು. ಈಚೆಗೆ ಹೋಗಿ ಕೂತು ನೋಡಿದೆ. ಕಲ್ಲಿನಲ್ಲಿ ದೊಡ್ಡದಾಗಿ ಕೆತ್ತಿರುವುದು ಕೆಳಗೆ ನಿಂತು ಬಿಲ್ಲು ಹಿಡಿದವನನ್ನು. ಮೇಲಿನ ಭಾಗದಲ್ಲಿ ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವುದೂ ಅವನನ್ನೇ. ಕುದುರೆಯವನು ಬಂದದ್ದು ಅವನೆದುರಿಗೆ, ದನಗಳಿಗಾಗಿ. ಊರಿನ ಕಾಲಾಳು ಕುದುರೆಯನ್ನು ಎದುರಿಸಿ ಸತ್ತನು. ನಾವು ಹೂವಿಟ್ಟದ್ದು ದರೋಡೆಗೆ ಬಂದವನಿಗೆ.

ಜಾತ್ರೆಗಳಲ್ಲಿ ಕೀಲುಕುದುರೆ ಕುಣಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಬಿದಿರು ಕಟ್ಟಿ ಬಟ್ಟೆ ಹೊದಿಸಿದ ಕುದುರೆಯೊಳಗೆ ಮನುಷ್ಯ ನಿಂತಿರುತ್ತಾನೆ. ದೂರದಿಂದ ರಾಜನೋ ರಾಣಿಯೋ ಸವಾರಿ ಮಾಡಿದಂತೆ ಕಾಣುತ್ತದೆ. ಕುದುರೆಯ ಭಾರವೆಲ್ಲ ಅವನ ಹೆಗಲ ಮೇಲೆ. ನೆಲದ ಮೇಲಿರುವ ಕಾಲೂ ಅವನವೇ. ತಾತ ಅದನ್ನು ಕಂಡಾಗಲೆಲ್ಲ ನಗುತ್ತಾರೆ. ಕಾರಣ ಕೇಳಿದರೆ, “ಏನಿಲ್ಲ, ಮಳೇಲಿ ಸ್ಟೇಷನ್ ರೋಡಿನ ಏರು ಜ್ಞಾಪಕಕ್ಕೆ ಬಂತು” ಎನ್ನುತ್ತಾರೆ. ಆ ಏರಿನಲ್ಲಿ ಕುದುರೆ ನಿಂತುಬಿಟ್ಟರೆ ಇಳಿದು, ಜನ ಕೂತ ಗಾಡಿಯನ್ನು ಇವರೇ ಹಿಂದಿನಿಂದ ನೂಕುತ್ತಿದ್ದರಂತೆ.

ಇತಿಹಾಸ ಸಂಘದ ಕಾರ್ಯದರ್ಶಿಗಳಿಗೆ ಒಂದು ಮನವಿ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿಯೂ ಬರೆಯುತ್ತೇನೆ. ಮುಂದಿನ ಪ್ರವಾಸದಲ್ಲಿ ಹಜಾರ ರಾಮನ ಗುಡಿಗೆ ಮಧ್ಯಾಹ್ನ ಹೋಗುವುದು ಬೇಡ, ಬೆಳಗ್ಗೆ ಹೋಗೋಣ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಕೆಳಗಿನಿಂದ ಎರಡನೆಯ ಸಾಲನ್ನು ಹಿಡಿದು ಗುಡಿಯ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಬಂದು, ಎಷ್ಟು ಕುದುರೆ, ಎಷ್ಟು ಸವಾರ, ಲಗಾಮು ಹಿಡಿದವರು ಎಷ್ಟು, ತಲೆಯ ಮೇಲೇನು, ಕಾಲಿಗೆ ಪಾದರಕ್ಷೆಯುಂಟೋ ಇಲ್ಲವೋ, ಹಗ್ಗವನ್ನು ಬಾಯಿಯ ಹತ್ತಿರ ಹಿಡಿದಿದ್ದಾರೆಯೋ ಸಡಿಲ ಬಿಟ್ಟಿದ್ದಾರೆಯೋ, ಎಲ್ಲವನ್ನೂ ಬರೆದುಕೊಳ್ಳೋಣ. ಬಾಯಿಯ ಹತ್ತಿರ ಹಿಡಿದಿದ್ದರೆ ಕುದುರೆ ಹೊಸದು, ಇನ್ನೂ ಪಳಗಿಲ್ಲವೆಂದು ತಾತ ಹೇಳುತ್ತಾರೆ. ಇದನ್ನು ಯಾವ ಪುಸ್ತಕದಲ್ಲಿಯೂ ನಾನು ಓದಿಲ್ಲ. ಆ ವೇಳೆಗೆ ನಾನು ಈ ಕಾಲೇಜಿನ ವಿದ್ಯಾರ್ಥಿಯಾಗಿರುವುದಿಲ್ಲ. ಆದರೂ ಹಳೆಯ ವಿದ್ಯಾರ್ಥಿಯೊಬ್ಬನಿಗೂ ಅವನ ಜೊತೆಯವರೊಬ್ಬರಿಗೂ ಬಸ್ಸಿನಲ್ಲಿ ಜಾಗ ಕೊಡುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ತಾತನಿಗೆ ತಿಳಿಸಿದೆ. ಬರುವುದಕ್ಕೆ ಅಡ್ಡಿಯಿಲ್ಲವಂತೆ, ಆದರೆ ಕಿಟಕಿಯ ಪಕ್ಕದ ಜಾಗವೇ ಬೇಕಂತೆ. ಇಷ್ಟು ವರ್ಷ ಮುಂದೆ ಕೂತು ಕುದುರೆಯ ಕಿವಿಗಳ ನಡುವಿನಿಂದ ರಸ್ತೆ ನೋಡಿದ್ದಾಯಿತು, ಒಂದು ಸಲ ಪಕ್ಕದ ಹೊಲಗಳನ್ನೂ ನೋಡಬೇಕೆನ್ನುತ್ತಾರೆ.